ಗುರುಗಳಿಲ್ಲದ ನಾಡಿನಲ್ಲಿ ಉಳಿದ ಪ್ರಾರ್ಥನೆ

ಜಪಾನಿಗೆ ಹೊರಟುನಿಂತ ಕ್ರೈಸ್ತ ಮಕ್ಕಳನ್ನು ಹೆತ್ತವರು ತಪ್ಪದೆ ಕೇಳುವುದು: ‘ಅಲ್ಲಿ ಹತ್ತಿರದಲ್ಲಿ ಚರ್ಚ್ ಇದೆಯೇ?’ ನೂರು ಜನರಲ್ಲಿ ಕ್ರೈಸ್ತರು ಸುಮಾರು ಒಬ್ಬರಷ್ಟೇ ಇರುವ ದೇಶವಿದು, ಆತಂಕ ಸಹಜವೇ.

ಇದಕ್ಕೆ ನಾಗಾಸಾಕಿಯ ಚರಿತ್ರೆಯೇ ಉತ್ತರ. 1549ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಇಲ್ಲಿಗೆ ತಂದ ಕ್ರೈಸ್ತಧರ್ಮವನ್ನು 1614ರಲ್ಲಿ ದೇಶದಾದ್ಯಂತ ನಿಷೇಧಿಸಲಾಯಿತು. ಗುರುಗಳಿಲ್ಲ, ಚರ್ಚುಗಳಿಲ್ಲ, ಆದರೂ ರೈತರೂ ಮೀನುಗಾರರೂ ಇನ್ನೂರು ವರ್ಷಗಳಿಗೂ ಮಿಕ್ಕಿ ಗುಟ್ಟಾಗಿ ಪ್ರಾರ್ಥಿಸಿದರು, ಮಕ್ಕಳಿಗೆ ತಾವೇ ದೀಕ್ಷಾಸ್ನಾನ ನೀಡಿದರು, ಕರುಣೆಯ ಕನ್ನೊನ್ ಮೂರ್ತಿಯಲ್ಲಿ ಮಾತೆ ಮರಿಯಳನ್ನು ಕಂಡರು. 1865ರ ಮಾರ್ಚ್ 17ರಂದು ಉರಕಾಮಿಯ ಕೆಲವರು ಓವುರಾ ಚರ್ಚಿಗೆ ಬಂದು, ಫ್ರೆಂಚ್ ಗುರು ಪೆತಿಜಾನರಲ್ಲಿ ತಮ್ಮ ವಿಶ್ವಾಸವನ್ನು ಅರುಹಿದರು. ಅನಂತರವೂ ಆ ಊರಿನವರು ಗಡೀಪಾರಾದರು. ನಿಷೇಧ ಸಡಿಲವಾದದ್ದು 1873ರಲ್ಲಿ. ಪ್ರಾರ್ಥನೆ ಅವರ ಕಷ್ಟವನ್ನು ಕಳೆಯಲಿಲ್ಲ. ದೇವರ ಪ್ರೀತಿ ತಮ್ಮನ್ನು ಕೈಬಿಟ್ಟಿಲ್ಲವೆಂಬ ಧೈರ್ಯವನ್ನು ಕೊಟ್ಟಿತು.

ಆದರೆ ಆ ಪ್ರಾರ್ಥನೆ ಒಂಟಿಯಾಗಿ ಉಳಿದದ್ದಲ್ಲ. ಮನೆಯವರೂ ನೆರೆಯವರೂ ಕೂಡಿ ಉಳಿಸಿಕೊಂಡದ್ದು. ಆದ್ದರಿಂದ, ಬರುವವರೇ, ಮನೆಯ ಸಂಜೆಯ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಕೊಂಡು ಬನ್ನಿ. ಇಲ್ಲಿ ಜೊತೆಗೆ ಪ್ರಾರ್ಥಿಸುವ ಒಬ್ಬರನ್ನಾದರೂ ಹುಡುಕಿಕೊಳ್ಳಿ. ಊರಿನಲ್ಲಿರುವವರೇ, ಫೋನಿನಲ್ಲಿ ‘ಊಟವಾಯಿತೇ’ ಎಂದು ವಿಚಾರಿಸಿದ ಮೇಲೆ ಮಕ್ಕಳೊಡನೆ ಒಂದು ಗಳಿಗೆ ಪ್ರಾರ್ಥಿಸಿ. ಚರ್ಚ್ ದೂರವಿದ್ದೀತು, ದೇವರು ದೂರವಾಗರು.