ಕರಿದ ಎಣ್ಣೆಯನ್ನು ಎಲ್ಲಿಗೆ ಹಾಕುತ್ತೀರಿ?

ರಮಝಾನ್ ಅರ್ಧ ಕಳೆಯುವಷ್ಟರಲ್ಲಿ ಹೊಟ್ಟೆ ಉರಿ, ಹುಳಿತೇಗು ಎಂದು ನನ್ನ ದವಾಖಾನೆಗೆ ಬರುವವರು ಹೆಚ್ಚುತ್ತಾರೆ. ಇಫ್ತಾರಿಗೆ ಸಮೋಸ, ಪಕೋಡ ಕರಿದದ್ದು ಯಾವ ಎಣ್ಣೆಯಲ್ಲಿ ಎಂದು ವಿಚಾರಿಸುತ್ತೇನೆ. “ಮೊನ್ನೆಯದ್ದೇ ಇತ್ತು ಡಾಕ್ಟ್ರೇ, ಸ್ವಲ್ಪ ಹೊಸದು ಸೇರಿಸಿದೆ” ಎಂಬ ಉತ್ತರ ಸಾಮಾನ್ಯ. ಒಬ್ಬ ತಾಯಿ ಮಾತ್ರ ನನಗೇ ಮರುಪ್ರಶ್ನೆ ಹಾಕಿದರು: “ಎಸೆಯೋದಾದ್ರೂ ಎಲ್ಲಿಗೆ? ಸಿಂಕಿಗೆ ಸುರಿದ್ರೆ ಪೈಪು ಕಟ್ಟಿಕೊಳ್ಳುತ್ತೆ.”

ಅವರ ಮಾತು ಸರಿ. ಹಳೆ ಎಣ್ಣೆ ಮತ್ತೆ ಬಾಣಲೆಗೆ ಬೀಳಲು ಉಳಿತಾಯದ ಆಸೆಯೊಂದೇ ಕಾರಣವಲ್ಲ. ಎಸೆಯುವ ದಾರಿ ತಿಳಿಯದಿರುವುದೂ ಒಂದು ಕಾರಣ.

ಜಪಾನಿನ ಗೃಹಿಣಿಯರಿಗೆ ಇದಕ್ಕೊಂದು ಉಪಾಯವಿದೆ. ಕರಿದು ಮುಗಿದ ಕೂಡಲೇ ಒಲೆ ಆರಿಸಿ, ಇನ್ನೂ ಬಿಸಿ ಇರುವ ಎಣ್ಣೆಗೆ ಅಂಗಡಿಯಲ್ಲಿ ಸಿಗುವ ಒಂದು ಪುಡಿಯನ್ನು ಹಾಕಿ ಕಲಕುತ್ತಾರೆ. ನೂರು ಪಾಲು ಎಣ್ಣೆಗೆ ಸುಮಾರು ಮೂರು ಪಾಲು ಪುಡಿ ಸಾಕು. ತಣ್ಣಗಾದಾಗ ಎಣ್ಣೆಯೆಲ್ಲ ಹಲ್ವದಂತೆ ಗಟ್ಟಿಯಾಗುತ್ತದೆ. ಅದನ್ನು ಬಾಣಲೆಯಿಂದ ಎಬ್ಬಿಸಿ ಕಸದ ಬುಟ್ಟಿಗೆ ಹಾಕುತ್ತಾರೆ.

ಆ ಪುಡಿಯ ಮೂಲ ನಮಗೆ ಹೊಸದಲ್ಲ, ಹರಳೆಣ್ಣೆ. ನಾವು ಯುನಾನಿ ವೈದ್ಯರು ಹೊಟ್ಟೆ ತೊಳೆಯಲು ಕೊಡುವ ರೋಗನ್ ಬೇದ್ ಅಂಜೀರ್ ಇದೇ. ಕಾರ್ಖಾನೆಯಲ್ಲಿ ಹರಳೆಣ್ಣೆಗೆ ಹೈಡ್ರೋಜನ್ ಸೇರಿಸಿ 12-ಹೈಡ್ರಾಕ್ಸಿ ಸ್ಟಿಯರಿಕ್ ಆಮ್ಲವನ್ನು ತಯಾರಿಸುತ್ತಾರೆ. ಇದರ ಅಣು ತೀರಾ ಚಿಕ್ಕದು, 18 ಇಂಗಾಲದ ಒಂದು ಸರಪಳಿ ಅಷ್ಟೆ. 12ನೆಯ ಇಂಗಾಲದಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪು ಇದೆ. ಬಿಸಿ ಎಣ್ಣೆಯಲ್ಲಿ ಈ ಅಣುಗಳು ಬಿಡಿಬಿಡಿಯಾಗಿ ಕರಗಿರುತ್ತವೆ. ತಣ್ಣಗಾಗುತ್ತಿದ್ದಂತೆ ಒಂದರ ಕೈ ಇನ್ನೊಂದು ಹಿಡಿದು, ಜಮಾಅತ್ತಿನ ಸಫ್ಫಿನಂತೆ ತಾವಾಗಿಯೇ ಸಾಲುಗಟ್ಟಿ ಸೂಕ್ಷ್ಮ ಎಳೆಗಳಾಗುತ್ತವೆ. ಎಳೆಗಳು ಹೆಣೆದುಕೊಂಡು ಬಲೆಯಾಗಿ, ಎಣ್ಣೆ ಆ ಬಲೆಯೊಳಗೆ ಸಿಕ್ಕಿಬೀಳುತ್ತದೆ. ನೀರಿನಲ್ಲಿ ಈ ಪುಡಿ ಕರಗುವುದೇ ಇಲ್ಲ. ಮದ್ಯಸಾರದಲ್ಲಿ ಕರಗುತ್ತದೆ, ಆದರೆ ಬಲೆ ಕಟ್ಟುವುದಿಲ್ಲ. ಮನೆಯ ಹರಳೆಣ್ಣೆಯನ್ನೇ ಬಾಣಲೆಗೆ ಸುರಿದರೂ ಏನೂ ಗಟ್ಟಿಯಾಗದು.

ಜೆಲ್ ಎಂದ ಕೂಡಲೇ ಹಂದಿಯ ಜೆಲಟಿನ್ ಇರಬಹುದೇ ಎಂದು ಅನುಮಾನಿಸುವವರಿದ್ದಾರೆ. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುವ ದೊಡ್ಡ ಅಣು; ಅದು ಹಿಡಿದಿಡುವುದು ನೀರನ್ನು. ಈ ಆಮ್ಲ ಗಿಡದ ಬೀಜದ್ದು. ಇದು ಹಿಡಿದಿಡುವುದು ಎಣ್ಣೆಯನ್ನು. ಜೇನುಮೇಣವನ್ನು ಎಣ್ಣೆಯಲ್ಲಿ ಕರಗಿಸಿ ಆರಿಸುವ ನಮ್ಮ ಕೈರೂತಿ ಮುಲಾಮು ಗಟ್ಟಿಯಾಗುವುದೂ ಹೆಚ್ಚುಕಡಿಮೆ ಹೀಗೆಯೇ.

ಒಂದು ಎಚ್ಚರಿಕೆ. ಪುಡಿ ಹಾಕಿದರೆ ಎಣ್ಣೆ ಗಟ್ಟಿಯಾಗುತ್ತದೆಯೇ ಹೊರತು ಶುದ್ಧವಾಗುವುದಿಲ್ಲ. ಮತ್ತೆ ಬಿಸಿ ಮಾಡಿದರೆ ಬಲೆ ಬಿಚ್ಚಿ ಅದೇ ಹಾಳು ಎಣ್ಣೆ ಹೊರಬರುತ್ತದೆ. ವನಸ್ಪತಿಯಂತೆ ಕಾಣುತ್ತದೆಂದು ಅದನ್ನು ಅಡುಗೆಗೆ ಮುಟ್ಟಲೇಬೇಡಿ. ಪದೇ ಪದೇ ಕಾದ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ. 25 ಮೀರಿದರೆ ಅದನ್ನು ಅಡುಗೆಗೆ ಬಳಸಬಾರದೆಂಬ ನಿಯಮ ನಮ್ಮ ದೇಶದಲ್ಲಿ 2018ರ ಜುಲೈಯಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯಲಾಗದು. ಆದರೆ ಎಣ್ಣೆ ಕಪ್ಪಾಗಿ ಮಂದವಾದರೆ, ನೊರೆ ಎದ್ದರೆ, ಬೇಗನೆ ಹೊಗೆಯಾಡಿದರೆ ಅದರ ಕಾಲ ಮುಗಿಯಿತೆಂದು ತಿಳಿಯಿರಿ.

ಹಾಗಾದರೆ ನಾವೂ ಆ ಪುಡಿ ತರಿಸೋಣವೇ? ಸಿಕ್ಕರೆ ಬಳಸಿ, ಮೋರಿಗೆ ಸುರಿಯುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಜಪಾನಿನಲ್ಲಿ ಕಸದ ಬಹುಪಾಲನ್ನು ಸುಡುತ್ತಾರೆ. ನಮ್ಮಲ್ಲಿ ಅದು ಗೊಬ್ಬರದ ಗುಂಡಿಗೋ ಬಯಲಿನ ರಾಶಿಗೋ ಹೋಗುತ್ತದೆ. ಆದ್ದರಿಂದ ಅದನ್ನೇ ಪೂರ್ತಿ ಪರಿಹಾರವೆಂದು ನಾನು ಹೇಳಲಾರೆ.

ಮೊದಲು ಬಾಣಲೆ ಚಿಕ್ಕದಾಗಲಿ. ಎರಡು ಲೋಟ ಎಣ್ಣೆಯಲ್ಲಿ ಮುಗಿಯುವ ಕೆಲಸಕ್ಕೆ ಒಂದು ಲೀಟರ್ ಸುರಿಯುವುದೇಕೆ? ಉಳಿದದ್ದನ್ನು ಆರಿಸಿ ಬಾಟಲಿಯಲ್ಲಿ ತುಂಬಿಡಿ. ಬಳಸಿದ ಎಣ್ಣೆಯಿಂದ ಜೈವಿಕ ಡೀಸೆಲ್ ತಯಾರಿಸುತ್ತಾರೆ, ಅದಕ್ಕಾಗಿ ಹೋಟೆಲುಗಳಿಂದ ಎಣ್ಣೆ ಸಂಗ್ರಹಿಸುವವರಿದ್ದಾರೆ. ಒಂದು ಮನೆಯ ಅರ್ಧ ಲೀಟರಿಗಾಗಿ ಅವರು ಬರಲಾರರು. ಆದರೆ ಮೊಹಲ್ಲಾದ ನೂರು ಮನೆಗಳ ಬಾಟಲಿಗಳನ್ನು ಮಸೀದಿ ಕಮಿಟಿ ಒಂದೆಡೆ ಸೇರಿಸಿದರೆ ಬರಬಹುದು. ನಮ್ಮ ಕಮಿಟಿಗಳು ಬರುವ ರಮಝಾನ್‌ಗೆ ಮುಂಚೆಯೇ ಈ ಬಗ್ಗೆ ಮಾತನಾಡಲಿ.

ಎಸೆಯಲು ಜಾಗವಿಲ್ಲವೆಂದು ಆ ಎಣ್ಣೆಯನ್ನು ಮಕ್ಕಳ ಹೊಟ್ಟೆಗೆ ಸೇರಿಸುವುದು ಮಾತ್ರ ಇಂದಿನಿಂದಲೇ ನಿಲ್ಲಲಿ.