ಗೇಟಿನೊಳಗಿನ ಚಾಲಕನ ತರಬೇತಿ ಯಾರ ಹೊಣೆ?

ಕಚ್ಚಾ ಸಾಮಗ್ರಿ ತುಂಬಿ ಬಂದ ಲಾರಿಯ ಕಾಗದಪತ್ರಗಳನ್ನು, ಅದರ ಚಾಲಕನ ಪರವಾನಗಿಯನ್ನು ಗೇಟಿನಲ್ಲಿ ಪರಿಶೀಲಿಸುವ ಪದ್ಧತಿ ಹಲವು ಕಾರ್ಖಾನೆಗಳಲ್ಲಿ ಇದೆ. ಆದರೆ ಅದೇ ಲಾರಿಯಿಂದ ಸರಕು ಇಳಿಸುವ ಫೋರ್ಕ್‌ಲಿಫ್ಟ್ ಚಾಲಕನು ಎಲ್ಲಿ ಕಲಿತ, ಅವನನ್ನು ಯಾರು ಪರೀಕ್ಷಿಸಿದರು ಎಂದು ಕೇಳುವವರು ವಿರಳ. ನಿನ್ನೆಯವರೆಗೆ ಮೂಟೆ ಹೊರುತ್ತಿದ್ದವನು, ಹಳೆಯ ಆಪರೇಟರ್ ರಜೆ ಹಾಕಿದ ದಿನ ಕೀಲಿಕೈ ಪಡೆದು ಸೀಟಿನ ಮೇಲೆ ಕೂರುತ್ತಾನೆ. ಮರುದಿನದಿಂದ ಅವನೇ ಆಪರೇಟರ್. ಸಣ್ಣ ಘಟಕಗಳಲ್ಲಿ ಇದು ಅಪರೂಪದ ಸಂಗತಿಯಲ್ಲ.

ತೆರಿಗೆಯ ವಿನಾಯಿತಿ, ಹೊಣೆಯ ವಿನಾಯಿತಿಯಲ್ಲ

ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. 1988ರ ಮೋಟಾರು ವಾಹನ ಕಾಯಿದೆಯ ಕಲಂ 2(28), ಕಾರ್ಖಾನೆ ಅಥವಾ ಆವರಣದೊಳಗಿನ ಬಳಕೆಗೆಂದೇ ರೂಪಿಸಿದ ವಿಶೇಷ ವಾಹನಗಳನ್ನು 'ಮೋಟಾರು ವಾಹನ' ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಗಣಿ ಆವರಣದಲ್ಲಷ್ಟೇ ಓಡುವ ಡಂಪರ್ ಮುಂತಾದ ವಾಹನಗಳ ರಸ್ತೆ ತೆರಿಗೆಯ ಪ್ರಶ್ನೆ 1974ರ ಬೋಲಾನಿ ಓರ್ಸ್ ಪ್ರಕರಣದಲ್ಲೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು, ಉದ್ದಿಮೆಯ ಪರವಾಗಿ ತೀರ್ಮಾನವಾಯಿತು. ರಸ್ತೆಯನ್ನು ಬಳಸದವನು ರಸ್ತೆಗೆ ತೆರಿಗೆ ಕೊಡಬೇಕಿಲ್ಲ ಎಂಬುದು ನ್ಯಾಯವಾದ ಮಾತು.

ಆದರೆ ಈ ವಿನಾಯಿತಿಯನ್ನು ಉದ್ದಿಮೆದಾರರು ಅದರ ವ್ಯಾಪ್ತಿ ಮೀರಿ ಓದಿಕೊಂಡಿದ್ದಾರೆ. ಭೋಪಾಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆಗಳ ಕಾಯಿದೆಗೆ ಸೇರಿದ ಕಲಂ 7ಎ ಕಾರ್ಮಿಕರಿಗೆ ಅಗತ್ಯ ಮಾಹಿತಿ, ತರಬೇತಿ ಹಾಗೂ ಮೇಲ್ವಿಚಾರಣೆ ಒದಗಿಸುವುದನ್ನು ಮಾಲೀಕರ ಕರ್ತವ್ಯವೆಂದು ವಿಧಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ಈ ಕರ್ತವ್ಯವನ್ನು ಉಳಿಸಿಕೊಂಡಿದೆ. ಅಂದರೆ ಗೇಟಿನ ಹೊರಗೆ ಚಾಲಕನ ಅರ್ಹತೆಯನ್ನು ಸಾರಿಗೆ ಕಚೇರಿ ಪರೀಕ್ಷಿಸುತ್ತದೆ. ಗೇಟಿನ ಒಳಗೆ ಆ ಕಚೇರಿಯ ಸ್ಥಾನದಲ್ಲಿ ಮಾಲೀಕನೇ ನಿಂತಿದ್ದಾನೆ.

ಕಾರು ಬಂದವನಿಗೆ ಇದು ಬಾರದು

'ಅವನಿಗೆ ಕಾರು ಓಡಿಸಲು ಬರುತ್ತದೆ, ಸಾಕು' ಎಂಬ ಮಾತು ಸಾಮಾನ್ಯ. ಫೋರ್ಕ್‌ಲಿಫ್ಟ್ ಹಿಂದಿನ ಚಕ್ರಗಳಿಂದ ತಿರುಗುತ್ತದೆ. ಆದ್ದರಿಂದ ತಿರುವಿನಲ್ಲಿ ಅದರ ಹಿಂಭಾಗ ಹೊರಕ್ಕೆ ಬೀಸಿ ಪಕ್ಕದಲ್ಲಿದ್ದವರಿಗೆ ಬಡಿಯಬಲ್ಲದು. ಮೂರು ಟನ್ ಸಾಮರ್ಥ್ಯದ ಯಂತ್ರದ ಸ್ವಂತ ತೂಕವೇ ನಾಲ್ಕು ಟನ್‌ಗೂ ಮೇಲಿರುತ್ತದೆ. ಆ ಮೂರು ಟನ್ ಎಂಬುದೂ ಭಾರದ ಕೇಂದ್ರವು ಫೋರ್ಕಿನ ಬುಡದಿಂದ ಸಾಮಾನ್ಯವಾಗಿ 500 ಮಿ.ಮೀ. ಒಳಗಿದ್ದಾಗ ಮಾತ್ರ ಸತ್ಯ. ಉದ್ದನೆಯ ಪೆಟ್ಟಿಗೆ ಹೊತ್ತಾಗ, ಭಾರವನ್ನು ಎತ್ತರಕ್ಕೆ ಏರಿಸಿದಾಗ ಯಂತ್ರದ ಶಕ್ತಿ ಕುಗ್ಗುತ್ತದೆ. ಭಾರ ಎತ್ತಿಕೊಂಡೇ ತಿರುವು ತೆಗೆದುಕೊಂಡರೆ ಯಂತ್ರ ಮಗುಚುತ್ತದೆ. ಮಗುಚುವಾಗ ಹಾರಿಕೊಳ್ಳುವುದು ಮನುಷ್ಯಸಹಜ. ಹಾಗೆ ಹಾರಿದವನು ಯಂತ್ರದ ಅಡಿಗೇ ಸಿಲುಕುತ್ತಾನೆ. ಬೆಲ್ಟ್ ಕಟ್ಟಿಕೊಂಡು, ಸ್ಟಿಯರಿಂಗ್ ಬಿಗಿ ಹಿಡಿದು ಸೀಟಿನಲ್ಲೇ ಉಳಿಯಬೇಕೆಂಬುದು ಸಹಜವಾಗಿ ಹೊಳೆಯುವ ವಿಷಯವಲ್ಲ, ಹೇಳಿಕೊಟ್ಟರಷ್ಟೇ ಬರುವ ವಿಷಯ. ಅಮೆರಿಕದಲ್ಲಿ 1999ರಿಂದ ಪಾಠ, ಪ್ರಾಯೋಗಿಕ ತರಬೇತಿ ಹಾಗೂ ಮೂರು ವರ್ಷಕ್ಕೊಮ್ಮೆ ಮರುಮೌಲ್ಯಮಾಪನ ಕಡ್ಡಾಯವಾಗಿರುವುದು ಈ ಕಾರಣಕ್ಕೇ.

ಖರ್ಚಿನ ಲೆಕ್ಕ

ವರ್ತಕರಿಗೆ ಅಂಕಿಗಳ ಭಾಷೆಯೇ ಹತ್ತಿರ. ಇಎಸ್‌ಐ ವ್ಯಾಪ್ತಿಗೆ ಒಳಪಡದ ಕಾರ್ಮಿಕನು ಕೆಲಸದಲ್ಲಿ ಮೃತಪಟ್ಟರೆ, ಮಾಸಿಕ ವೇತನದ ಅರ್ಧವನ್ನು ವಯಸ್ಸಿನ ಗುಣಾಂಕದಿಂದ ಗುಣಿಸಿ ಪರಿಹಾರ ನಿಗದಿಯಾಗುತ್ತದೆ. 2020ರ ಜನವರಿಯಲ್ಲಿ ಈ ಲೆಕ್ಕದ ವೇತನ ಮಿತಿಯನ್ನು 15,000 ರೂ.ಗೆ ಏರಿಸಲಾಯಿತು. ಆ ಮಿತಿಯಲ್ಲಿ 30 ವರ್ಷದ ಕಾರ್ಮಿಕನಿಗೆ 7,500 ರೂ. x 207.98, ಅಂದರೆ 15,59,850 ರೂ. ಆಗುತ್ತದೆ. ಯಂತ್ರವನ್ನು ಗುತ್ತಿಗೆದಾರನಿಂದ ಆಪರೇಟರ್ ಸಹಿತ ಬಾಡಿಗೆಗೆ ತಂದಿದ್ದರೂ ಪರಿಹಾರದ ಹೊಣೆ ಮೊದಲು ಮುಖ್ಯ ಉದ್ಯೋಗದಾತನ ಬಾಗಿಲಿಗೇ ಬರಬಹುದು. ಗುತ್ತಿಗೆದಾರನಿಂದ ವಸೂಲು ಮಾಡುವುದು ಅನಂತರದ ಮಾತು. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಹೊಸ ಸಂಹಿತೆಯಲ್ಲಿ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ 5 ಲಕ್ಷ ರೂ.ಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಇವೆ. ತರಬೇತಿಗೆ ಕೊಟ್ಟ ಶುಲ್ಕವನ್ನು ವ್ಯವಹಾರದ ವೆಚ್ಚವೆಂದು ಆದಾಯದಿಂದ ಕಳೆಯಬಹುದು. ಅಪರಾಧಕ್ಕೆ ತೆತ್ತ ದಂಡವನ್ನು ಹಾಗೆ ಕಳೆಯಲು ಬರುವುದಿಲ್ಲ. ಇವೆಲ್ಲ ಕೇವಲ ಹಣದ ಬಾಬತ್ತು. ಆ ಮನೆಯವರ ನಷ್ಟಕ್ಕೆ ಯಾವ ಗುಣಾಂಕವೂ ಇಲ್ಲ.

ಮಾಡಬೇಕಾದದ್ದೇನು?

ಇನ್ನೊಂದು ಪರವಾನಗಿ ಎಂದರೆ ಇನ್ನೊಬ್ಬ ಇನ್ಸ್‌ಪೆಕ್ಟರ್ ಎಂಬ ಅಳುಕು ಸಣ್ಣ ಉದ್ದಿಮೆದಾರರಲ್ಲಿದೆ. ಅನುಭವದಿಂದ ಹುಟ್ಟಿದ ಅಳುಕು ಅದು, ತಳ್ಳಿಹಾಕುವಂತಿಲ್ಲ. ಒಬ್ಬನೇ ಆಪರೇಟರ್ ಇರುವ ಘಟಕ ಅವನನ್ನು ವಾರಗಟ್ಟಲೆ ತರಬೇತಿಗೆ ಕಳುಹಿಸಿದರೆ ಕೆಲಸ ನಿಲ್ಲುತ್ತದೆ ಎಂಬುದೂ ನಿಜ. ಆದ್ದರಿಂದ ಸರ್ಕಾರವು ಹೊಸ ಕಚೇರಿ ತೆರೆಯುವ ಬದಲು, ಮಾನ್ಯತೆ ಪಡೆದ ಕೌಶಲ ಸಂಸ್ಥೆಗಳ ಪ್ರಮಾಣಪತ್ರವನ್ನು ಆಧಾರವಾಗಿ ಒಪ್ಪಿಕೊಂಡು ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ ವಿಧಿಸುವುದು ಲೇಸು. ಕೈಗಾರಿಕಾ ವಸಾಹತುಗಳ ಸಂಘಗಳು ಹತ್ತಾರು ಘಟಕಗಳ ಆಪರೇಟರುಗಳನ್ನು ಒಟ್ಟುಗೂಡಿಸಿ, ವಾರದ ರಜೆಯ ಆಸುಪಾಸಿನಲ್ಲಿ ಕನ್ನಡದಲ್ಲೂ ಹಿಂದಿಯಲ್ಲೂ ತರಗತಿ ನಡೆಸಿದರೆ ತಲೆವಾರು ಖರ್ಚು ಹಗುರವಾಗುತ್ತದೆ. ಹತ್ತು ಕಾರ್ಮಿಕರಿಗಿಂತ ಕಡಿಮೆ ಇರುವ ಗೋದಾಮುಗಳನ್ನು ಸಂಹಿತೆ ಬಹುಪಾಲು ಮುಟ್ಟುವುದಿಲ್ಲ. ಅವುಗಳನ್ನು ತಲುಪಬಲ್ಲದ್ದು ವರ್ತಕರ ಸಂಘಟನೆಗಳೇ.

ಅಲ್ಲಿಯವರೆಗೆ ಪ್ರತಿಯೊಂದು ಘಟಕವೂ ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ: ಯಂತ್ರ ನಡೆಸಲು ಅಧಿಕಾರವುಳ್ಳವರ ಹೆಸರನ್ನು ಲಿಖಿತವಾಗಿ ಪ್ರಕಟಿಸಿ, ಪಾಳಿ ಮುಗಿದೊಡನೆ ಕೀಲಿಕೈಯನ್ನು ಮೇಲ್ವಿಚಾರಕರ ವಶಕ್ಕೆ ಪಡೆಯುವುದು. ನಗದು ಪೆಟ್ಟಿಗೆಯ ಕೀಲಿಕೈಯನ್ನು ಯಾವ ವರ್ತಕನೂ ಸಿಕ್ಕವರ ಕೈಗೆ ಕೊಡುವುದಿಲ್ಲ. ನಾಲ್ಕು ಟನ್ ಯಂತ್ರದ ಕೀಲಿಕೈಗೂ ಅಷ್ಟೇ ಎಚ್ಚರ ಸಲ್ಲಬೇಕು.