ರಿಸೆಂಟ್ ಆ್ಯಪ್‌ಗಳನ್ನೆಲ್ಲ ಒರೆಸಿ ಹಾಕಿದರೆ ಫೋನ್ ಫಾಸ್ಟ್ ಆಗುತ್ತದೆಯೇ?

"ಮಲಗುವ ಮುಂಚೆ ತೆರೆದಿರುವ ಆ್ಯಪ್‌ಗಳನ್ನೆಲ್ಲ ಒರೆಸಿ ಹಾಕಿ, ರ‍್ಯಾಮ್ ಖಾಲಿ ಮಾಡಿ, ಫೋನ್ ಹೊಸದರಂತೆ ಓಡುತ್ತದೆ." ಇಂಥ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರಬಹುದು. ಕೆಲವೊಮ್ಮೆ ಜೊತೆಗೆ ಒಂದು ‘ಬೂಸ್ಟರ್’ ಆ್ಯಪ್‌ನ ಲಿಂಕ್ ಬೇರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಎರಡು ಮೂರು ಜಿಬಿ ರ‍್ಯಾಮ್‌ನ ಹಳೇ ಫೋನ್ ಇಟ್ಟುಕೊಂಡವರಿಗೆ ಇದನ್ನು ನಂಬುವ ಆಸೆ ಸಹಜ. ಆದರೆ ಈ ಸಲಹೆ ಹೆಚ್ಚಿನ ಸಲ ಉಲ್ಟಾ ಹೊಡೆಯುತ್ತದೆ.

ನಮ್ಮ ಸೀಮೆಯ ಹಿರಿಯರಿಗೆ ಹಗೇವು ಗೊತ್ತು. ವರ್ಷದ ರಾಗಿ ನೆಲದೊಳಗಿನ ಹಗೇವಿನಲ್ಲಿ, ದಿನಬಳಕೆಯದು ಅಡುಗೆಮನೆಯ ಗುಡಾಣದಲ್ಲಿ. ಹಗೇವು ತೆಗೆಯುವುದು ಸುಲಭದ ಕೆಲಸವಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾದೇ ಇಳಿಯಬೇಕು. ಫೋನಿನ ಸ್ಟೋರೇಜ್ ಹಗೇವಿದ್ದಂತೆ, ರ‍್ಯಾಮ್ ಗುಡಾಣ. ದಿನಾ ರಾತ್ರಿ ಗುಡಾಣ ಬರಿದು ಮಾಡಿ ಮಲಗಿದರೆ ಬೆಳಗ್ಗೆ ಮತ್ತೆ ಹಗೇವಿಗೆ ಇಳಿಯಬೇಕಾದವರು ಯಾರು?

ಈ ಗುಡಾಣ ನೋಡಿಕೊಳ್ಳುವುದು ಕರ್ನಲ್. ಆಂಡ್ರಾಯ್ಡ್ ಫೋನ್‌ಗಳಲ್ಲಿರುವುದು ಲಿನಕ್ಸ್ ಕರ್ನಲ್. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಅದು ರ‍್ಯಾಮನ್ನು ‘ಪುಟ’ಗಳಾಗಿ ಅಳೆದು ಆ್ಯಪ್‌ಗಳಿಗೆ ಹಂಚುತ್ತದೆ. ಒಂದು ಪುಟ ಸಾಮಾನ್ಯವಾಗಿ 4 ಕೆಬಿ. ಅಂದರೆ 4 ಜಿಬಿ ರ‍್ಯಾಮ್‌ನಲ್ಲಿ 10,48,576 ಪುಟ. (ಆಂಡ್ರಾಯ್ಡ್ 15ರಿಂದ 16 ಕೆಬಿ ಪುಟಗಳಿಗೂ ಅವಕಾಶವಿದೆ. ಲೆಕ್ಕ ಇಡುವ ಕೆಲಸ ಕಡಿಮೆಯಾಗುತ್ತದೆ, ಆದರೆ ರ‍್ಯಾಮ್ ಸ್ವಲ್ಪ ಹೆಚ್ಚು ಬೇಕು.)

ಯಾವ ಆ್ಯಪ್ಪೂ ಕೇಳದೆ ಉಳಿದ ಪುಟಗಳನ್ನು ಕರ್ನಲ್ ಸುಮ್ಮನೆ ಬಿಡುವುದಿಲ್ಲ. ಸ್ಟೋರೇಜಿನಿಂದ ಒಮ್ಮೆ ಓದಿದ ಫೈಲುಗಳ ನಕಲನ್ನು ಅಲ್ಲಿ ಇಟ್ಟುಕೊಳ್ಳುತ್ತದೆ. ಇದೇ ಪೇಜ್ ಕ್ಯಾಶ್. ಅದೇ ಫೈಲ್ ಮತ್ತೆ ಬೇಕಾದಾಗ ಕೈಗೆಟುಕುವಲ್ಲೇ ಸಿಗುತ್ತದೆ. ಹಗೇವಿನ ಹೋಲಿಕೆ ಇಲ್ಲಿಗೆ ನಿಲ್ಲಬೇಕು, ಏಕೆಂದರೆ ಇಲ್ಲಿ ಬರುವುದು ನಕಲು ಮಾತ್ರ. ಮೂಲ ಸ್ಟೋರೇಜಿನಲ್ಲೇ ಇರುತ್ತದೆ. ಹಾಗಾಗಿ ಹೊಸ ಆ್ಯಪ್‌ಗೆ ಜಾಗ ಬೇಕಾದಾಗ, ಬಹಳ ಹೊತ್ತು ಮುಟ್ಟದ ನಕಲನ್ನು ಕರ್ನಲ್ ತಾನೇ ಬಿಸಾಕುತ್ತದೆ. ಯಾರೂ ಹೇಳಬೇಕಿಲ್ಲ. ‘ರ‍್ಯಾಮ್ ತುಂಬಿದೆ’ ಎಂದು ಕಂಡರೆ ಅದರಲ್ಲಿ ಒಂದಷ್ಟು ಹೀಗೆ ತಕ್ಷಣ ಬಿಟ್ಟುಕೊಡಬಹುದಾದ ಜಾಗ. ‘ಖಾಲಿ’ ಅಂಕಿ ನೋಡಿ ಕಂಪ್ಯೂಟರ್ ಬಲ್ಲವರೇ ಮೋಸ ಹೋಗುತ್ತಿದ್ದರು. ಅದಕ್ಕೇ 2014ರ ಲಿನಕ್ಸ್ 3.14ರಲ್ಲಿ ‘ಬಳಕೆಗೆ ಸಿಗಬಲ್ಲದ್ದು’ ಎಂಬ ಬೇರೆಯೇ ಅಂಕಿ ಸೇರಿಸಿದರು.

ಈಗ ಪಾವಗಡದ ಒಂದು ಕಡಲೆಕಾಯಿ ಹೊಲಕ್ಕೆ ಬನ್ನಿ. 2020ರಿಂದ ಕರ್ನಾಟಕದಲ್ಲಿ ರೈತರೇ ಆ್ಯಪ್ ಮೂಲಕ ತಮ್ಮ ಬೆಳೆಯ ಫೋಟೊ, ವಿವರ ಸೇರಿಸಬಹುದು. ಬೆಳೆ ವಿಮೆ, ಪರಿಹಾರದ ಲೆಕ್ಕಕ್ಕೆ ಇದು ಬೇಕು. ಸರ್ವೆ ನಂಬರ್ ತುಂಬಿಸುತ್ತಾ ಇದ್ದಾಗ ಒಂದು ಕರೆ ಬಂತು ಎನ್ನಿ. ಮಾತು ಮುಗಿಸಿ ಅಭ್ಯಾಸಬಲದಿಂದ ಎಲ್ಲವನ್ನೂ ಒರೆಸಿದರೆ, ಇನ್ನೂ ಉಳಿಸದ ವಿವರ ರ‍್ಯಾಮ್‌ನಲ್ಲೇ ಇತ್ತು, ಅದೂ ಹೋಯಿತು. ಮತ್ತೆ ತೆರೆದರೆ ಆ್ಯಪ್ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕು. ಸಮಯವೂ ಬ್ಯಾಟರಿಯೂ ಖರ್ಚು.

ಫಾರ್ವರ್ಡಿನಲ್ಲಿ ಒಂದು ಹುರುಳಿದೆ, ಅದನ್ನೂ ಹೇಳಬೇಕು. ರ‍್ಯಾಮ್ ನಿಜಕ್ಕೂ ಸಾಲದಿದ್ದಾಗ ಆಂಡ್ರಾಯ್ಡ್ ಹಿಂದೆ ಸರಿದ ಆ್ಯಪ್‌ಗಳನ್ನು ತಾನೇ ಮುಚ್ಚುತ್ತದೆ. ಪರದೆ ಮೇಲಿರುವುದರ ಸರದಿ ಕೊನೆಗೆ. ಹಾಗಾಗಿ ಎರಡು ಜಿಬಿ ಫೋನಿನಲ್ಲಿ ಸಮೀಕ್ಷೆ ಶುರು ಮಾಡುವ ಮೊದಲು ಒಂದು ದೊಡ್ಡ ಗೇಮ್ ತೆರೆದಿದ್ದರೆ ಅದೊಂದನ್ನು ಮುಚ್ಚುವುದು ಸರಿ. ನಿಂತುಹೋದ ಆ್ಯಪ್ಪನ್ನು ಮುಚ್ಚುವುದೂ ಸರಿ. ಎಲ್ಲವನ್ನೂ ದಿನಾ ಒರೆಸುವುದು ಬೇಡ.

‘ಬೂಸ್ಟರ್’ ಆ್ಯಪ್‌ಗಳ ಬಗ್ಗೆ ನಮ್ಮ ಅಭಿಪ್ರಾಯ ಖಡಕ್: ಹಾಕಿಕೊಳ್ಳಬೇಡಿ. ಅವೂ ರ‍್ಯಾಮ್‌ನಲ್ಲೇ ಕೂರುತ್ತವೆ. ಅವು ಮುಚ್ಚಿದ ಆ್ಯಪ್‌ಗಳಲ್ಲಿ ಹಲವು ಮರುಕ್ಷಣವೇ ಏಳುತ್ತವೆ, ನಡುವೆ ನಿಮಗೆ ಜಾಹೀರಾತು.

ಫೋನ್ ನಿಜವಾಗಿ ತೆವಳುತ್ತಿದ್ದರೆ ಸ್ಟೋರೇಜ್ ನೋಡಿ. ಗುಡ್ ಮಾರ್ನಿಂಗ್ ವಿಡಿಯೊಗಳಿಂದ ಅದು ತುಂಬಿದ್ದರೆ ಅಳಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿರುವ ‘ಕ್ಲಿಯರ್ ಕ್ಯಾಶ್’ ಅಳಿಸುವುದು ಆ್ಯಪ್ ಸ್ಟೋರೇಜಿನಲ್ಲಿಟ್ಟ ತಾತ್ಕಾಲಿಕ ಫೈಲುಗಳನ್ನು. ನಾವು ಇಷ್ಟೊತ್ತು ಹೇಳಿದ ಕ್ಯಾಶ್ ಬೇರೆ. ಅದರ ಪಕ್ಕದಲ್ಲೇ ಇರುವ ‘ಕ್ಲಿಯರ್ ಡೇಟಾ’ ಒತ್ತುವ ಮುನ್ನ ಎಚ್ಚರ. ಬ್ಯಾಕಪ್ ಇಲ್ಲದ ವಾಟ್ಸಾಪ್‌ನಲ್ಲಿ ಅದನ್ನು ಒತ್ತಿದರೆ ಹಳೇ ಚಾಟ್‌ಗಳು ವಾಪಸ್ ಬರುವುದಿಲ್ಲ.